ಗ್ರಿಲ್ಲಿನ ಹೀರೆಕಾಯಿ

ಬಾಡಿದ್ದು ಕಣ್ಣಿಗೆ ಬಿದ್ದರೆ ಕಾಂತಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಇದು ಹುಟ್ಟುಗುಣವಲ್ಲ, ಹೋಟೆಲು ಹಚ್ಚಿದ ಚಟ. ಮಲಾಡ್ ಸ್ಟೇಷನ್ನಿನ ಪಕ್ಕದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಮೊದಲು ಅವನು ದೋಸೆಕಲ್ಲಿನ ಮುಂದೆ ನಿಂತವನು. ಅದಕ್ಕೂ ಮೊದಲು ನಸುಕಿನ ಲೋಕಲ್ ಹಿಡಿದು ದಾದರಿನಿಂದ ತರಕಾರಿ ಹೊತ್ತು ತಂದವನು. ಕೊತ್ತಂಬರಿ ಕಟ್ಟಿನಲ್ಲಿ ಒಂದೇ ಒಂದು ಹಳದಿ ಎಲೆ ಕಂಡರೂ ಇಡೀ ಕಟ್ಟನ್ನು ಬಿಚ್ಚಿಸಿ ಹೆಕ್ಕಿಸುತ್ತಿದ್ದ. "ಬಾಡಿದ್ದು ಗಿರಾಕಿಯ ಕಣ್ಣಿಗೆ ಬೀಳ್ಬಾರ್ದು ಮಾರಾಯ್ರೆ, ಬಿತ್ತೋ, ಸಾಂಬಾರು ಎಷ್ಟು ರುಚಿ ಆದ್ರೂ ಮುಗೀತು" ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದ.

ಈಗ ಹೋಟೆಲನ್ನು ಅಕ್ಕನ ಮಗ ಪ್ರಶಾಂತನಿಗೆ ಒಪ್ಪಿಸಿ ಕಾಂದಿವಲಿಯ ಮನೆಯಲ್ಲಿ ಆರಾಮಾಗಿದ್ದ. ಆದರೆ ಕೈಗಳಿಗೆ ಯಾರು ನಿವೃತ್ತಿ ಕೊಡಬೇಕು? ನೆಂಟರ ಮನೆಗೆ ಹೋದರೆ ಕಾಫಿ ಕುಡಿಯುತ್ತಲೇ ಅವರ ಮನಿಪ್ಲಾಂಟಿನ ಹಳದಿ ಎಲೆ ಕಿತ್ತು ತಟ್ಟೆಯಲ್ಲಿಡುತ್ತಿದ್ದ. ಒಮ್ಮೆ ಬೋರಿವಲಿಯಲ್ಲಿ ಮದುವೆಗೆ ಹೋದವನು ವೇದಿಕೆ ಹತ್ತಿ, ಮದುಮಗನ ಕೈ ಕುಲುಕುವ ಬದಲು ಅವನ ಹಾರದಲ್ಲಿ ಬಾಡಿದ್ದ ಗುಲಾಬಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಫೋಟೋಗ್ರಾಫರ್ ಅದನ್ನೇ ಸೆರೆಹಿಡಿದು ಆಲ್ಬಮ್ಮಿಗೆ ಸೇರಿಸಿದ್ದ.

ಇಂಥವನ ಹೆಂಡತಿ ವಾರಿಜಾಳಿಗೆ ಬಾಡಿದ್ದರ ಮೇಲೆಯೇ ಮನಸ್ಸಾಗಬೇಕೇ!

ಶುರುವಾದದ್ದು ಬ್ರಹ್ಮಕಮಲದಿಂದ. ಅವರ ಮನೆಯ ಹಾಲಿನ ಕಿಟಕಿಗೆ, ಮುಂಬಯಿಯ ಎಲ್ಲ ಮನೆಗಳಿಗಿರುವಂತೆ, ಹೊರಗೆ ಚಾಚಿಕೊಂಡ ಕಬ್ಬಿಣದ ಗ್ರಿಲ್ ಇತ್ತು. ವಾರಿಜಾಳ ತೋಟ ಎಂದರೆ ಅದೇ. ತುಳಸಿ, ದಾಸವಾಳ, ಗೊಂಡೆ, ಅಬ್ಬಲಿಗೆ, ವೀಳ್ಯದ ಬಳ್ಳಿ, ಎಲ್ಲವೂ ಅಲ್ಲೇ ಒಂದರ ಭುಜಕ್ಕೊಂದು ತಾಗಿಕೊಂಡು ಬೆಳೆಯುತ್ತಿದ್ದವು. ಬ್ರಹ್ಮಕಮಲ ಅರಳಿದಾಗ ಬಿಲ್ಡಿಂಗಿನ ಹೆಂಗಸರೆಲ್ಲ ಬಂದು ಅದರ ಜೊತೆ ನಿಂತು ಸೆಲ್ಫಿ ತೆಗೆದುಕೊಂಡು ಹೋದರು. ಮರುದಿನ ಅದರ ಕಡೆ ತಿರುಗಿ ನೋಡಿದವರಿಲ್ಲ. ನೀರು ಹಾಕಲು ಬಂದ ವಾರಿಜಾ ಮಾತ್ರ, ಕುತ್ತಿಗೆ ಬಾಗಿಸಿ ಜೋತುಬಿದ್ದ ಹೂವನ್ನು ತುಂಬಾ ಹೊತ್ತು ನೋಡಿದಳು. ಎಸಳುಗಳು ಒಂದರೊಳಗೊಂದು ಮುದುಡಿ, ಅಂಚುಗಳಲ್ಲಿ ಚಹಾದ ಬಣ್ಣ ಬಂದಿತ್ತು. ಮಗಳು ನಿಖಿತಾ ಕೊಡಿಸಿದ್ದ ಮೊಬೈಲು ತಂದು ಒಂದು ಫೋಟೋ ತೆಗೆದಳು.

"ನೋಡಿ" ಎಂದಳು ಗಂಡನಿಗೆ. "ರಾತ್ರಿಯೆಲ್ಲ ನೆಂಟರನ್ನು ನೋಡಿಕೊಂಡು, ಈಗ ಒಬ್ಬಳೇ ಒರಗಿದ ಹಾಗಿಲ್ವಾ?"

"ಒರಗಿದ್ದಲ್ಲ, ಕೊಳೀತಾ ಉಂಟು. ತೆಗೆದು ಬಿಸಾಡು, ಇರುವೆ ಬರ್ತದೆ" ಎಂದ ಕಾಂತಪ್ಪ ಪೇಪರಿನಿಂದ ತಲೆ ಎತ್ತದೆ.

ಅವಳು ಬಿಸಾಡಲಿಲ್ಲ. ಅವತ್ತಿನಿಂದ ಅವಳ ಕಣ್ಣೇ ಬೇರೆಯಾಯಿತು. ಸಂಜೆಗೆ ಸುರುಳಿ ಸುತ್ತಿಕೊಂಡು ಉದುರಿದ ದಾಸವಾಳ, ಬೀಜ ಕಟ್ಟಿ ಕಂದಾದ ತುಳಸಿಯ ಕದಿರು, ಹಸಿರೆಲ್ಲ ಹೋಗಿ ನರ ಮಾತ್ರ ಉಳಿದ ವೀಳ್ಯದೆಲೆ, ಬುಡದಿಂದ ಕಪ್ಪಾಗುತ್ತ ಬಂದು ತುದಿಯಲ್ಲಿ ಮಾತ್ರ ಕೇಸರಿ ಹಟ ಬಿಡದ ಗೊಂಡೆಹೂ. ಸೋಫಾದ ಮೇಲೆ ಮೊಣಕಾಲೂರಿ, ಗ್ರಿಲ್ಲಿನೊಳಗೆ ತಲೆ ತೂರಿಸಿ, ಬೆನ್ನು ನೋಯುವವರೆಗೂ ಬೆಳಕಿಗೆ ಕಾಯುತ್ತಿದ್ದಳು. ಎದುರಿನ ಎರಡು ಟವರುಗಳ ನಡುವಿನಿಂದ ಸಂಜೆಯ ಬಿಸಿಲು ಸ್ವಲ್ಪ ಹೊತ್ತು ಅವರ ಕಿಟಕಿಗೆ ಬೀಳುತ್ತಿತ್ತು. ಅಷ್ಟೇ ಹೊತ್ತು ಅವಳ ಸ್ಟುಡಿಯೋ ತೆರೆದಿರುತ್ತಿತ್ತು. ತೆಗೆದದ್ದನ್ನೆಲ್ಲ ಗಂಡನ ವಾಟ್ಸಾಪಿಗೆ ಕಳಿಸುತ್ತಿದ್ದಳು. ಅವನು ಎರಡು ಮಾರು ದೂರದ ಕುರ್ಚಿಯಲ್ಲಿ ಕೂತಿರುತ್ತಿದ್ದ.

"ಎಂತದು ಕಳ್ಸಿದ್ದು?"

"ನೋಡಿದ್ರೆ ಗೊತ್ತಾಗ್ತದೆ."

"ನೋಡ್ತೇನೆ, ನೋಡ್ತೇನೆ."

ನೋಡುತ್ತಿರಲಿಲ್ಲ. ಊರಿನ ನೆಂಟರ ಗುಡ್ ಮಾರ್ನಿಂಗುಗಳಿಂದ ಅವನ ಫೋನು ತುಂಬಿ ನಿಂತುಹೋಗಿತ್ತೆಂದು ನಿಖಿತಾ, ಒತ್ತದೆ ಯಾವ ಫೋಟೋವೂ ತೆರೆಯದ ಹಾಗೆ ಮಾಡಿಕೊಟ್ಟಿದ್ದಳು. ಕಾಂತಪ್ಪನಿಗೆ ಅದು ಅನುಕೂಲವೇ ಆಗಿತ್ತು. ಹೆಂಡತಿಯ ಫೋಟೋಗಳು ಅವನ ಫೋನಿನಲ್ಲಿ ಮಸುಕು ಮಸುಕು ಚೌಕಗಳಾಗಿ ಸಾಲಾಗಿ ಬಿದ್ದಿದ್ದವು.

ಆ ವರ್ಷ ಮಳೆಗಾಲದಲ್ಲಿ ವಾರಿಜಾ ಗ್ರಿಲ್ಲಿಗೆ ಹೀರೆ ಬಳ್ಳಿ ಹಬ್ಬಿಸಿದಳು. ಕಾಯಿ ಚೆನ್ನಾಗಿ ಬಿಟ್ಟಿತು. ಸಿಪ್ಪೆಯ ಚಟ್ನಿ, ತಿರುಳಿನ ಪಲ್ಯ, ಬಜ್ಜಿ ಎಲ್ಲ ಆಯಿತು. ಒಂದೇ ಒಂದು ಕಾಯಿಯನ್ನು ಮಾತ್ರ ಅವಳು ಕೊಯ್ಯಲಿಲ್ಲ. ಅದು ಬಲಿತಿತು, ನಾರುಗಟ್ಟಿತು, ಹಳದಿಯಾಯಿತು. ಕಾಂತಪ್ಪನ ಬೆರಳುಗಳು ತುರಿಸತೊಡಗಿದವು.

"ಇದನ್ನು ಯಾಕೆ ಇಟ್ಟದ್ದು?"

"ದೀಪಾವಳಿ ಹೊತ್ತಿಗೆ ಸರೀ ಒಣಗ್ತದೆ. ಅಲ್ಲಿವರೆಗೆ ನೀವು ಮುಟ್ಬೇಡಿ" ಎಂದಳು ವಾರಿಜಾ.

ಆ ಮಾತು ಕೇಳಿದ್ದೇ ಕಾಂತಪ್ಪನ ಮುಖ ಅರಳಿತು. ಅದಕ್ಕೆ ಕಾರಣವಿತ್ತು. ಅವನ ಊರು ಉಡುಪಿಯ ಹತ್ತಿರ. ಅಲ್ಲಿ ದೀಪಾವಳಿ ಶುರುವಾಗುವುದು ಬಚ್ಚಲಿನಿಂದ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆ ಉಜ್ಜಿ, ಅದರ ಕೊರಳಿಗೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುತ್ತಾರೆ. ಮರುದಿನ ನಸುಕಿಗೆ ಎಣ್ಣೆಸ್ನಾನ. ಅವನಮ್ಮ ಪ್ರತಿವರ್ಷ ಒಂದು ಹೀರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಹಬ್ಬದ ದಿನ ಅದರ ನಾರಿನಿಂದ ಮಕ್ಕಳ ಬೆನ್ನು ತಿಕ್ಕುತ್ತಿದ್ದಳು. ಮುಂಬಯಿಗೆ ಬಂದ ಮೇಲೆ ಹಂಡೆ ಹೋಗಿ ಗೀಸರ್ ಬಂತು, ಹೀರೆನಾರು ಹೋಗಿ ನೈಲಾನ್ ಬ್ರಶ್ ಬಂತು. ಹೆಂಡತಿ ಏನೂ ಹೇಳದೆ ತನ್ನಮ್ಮನ ಹಬ್ಬವನ್ನು ಗ್ರಿಲ್ಲಿನಲ್ಲಿ ಜೋಪಾನ ಮಾಡುತ್ತಿದ್ದಾಳೆಂದುಕೊಂಡ ಕಾಂತಪ್ಪ. ಬಾಯಿ ಬಿಟ್ಟು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಗುಟ್ಟಾಗಿ ಸಿಗುವ ಸುಖವನ್ನು ಕೇಳಿ ಕೆಡಿಸಿಕೊಳ್ಳುವವರು ಯಾರು?

ವಾರಿಜಾಳ ಲೆಕ್ಕ ಬೇರೆಯೇ ಇತ್ತು. ಮಾಟುಂಗದ ಕನ್ನಡ ಸಂಘದ ಹೆಂಗಸರು ರಾಜ್ಯೋತ್ಸವಕ್ಕೆ ಒಂದು ಫೋಟೋ ಪ್ರದರ್ಶನ ಇಟ್ಟುಕೊಂಡಿದ್ದರು. ಅವಳು ಹೀರೆಯ ಮೊದಲ ಹೂವಿನಿಂದ ಹಿಡಿದು ಕಾಯಿ ಹಣ್ಣಾಗಿ, ಬಣ್ಣ ಕಳೆದು, ಸುಕ್ಕಾಗುವವರೆಗೆ ಒಂದೊಂದು ಹಂತವನ್ನೂ ತೆಗೆದಿದ್ದಳು. ಇನ್ನು ಉಳಿದದ್ದು ಕೊನೆಯದು. ಹೀರೆ ಪೂರ್ತಿ ಒಣಗಿದಾಗ ಅದರ ತುದಿಯ ಪುಟ್ಟ ಮುಚ್ಚಳ ತಾನಾಗಿ ಕಳಚಿಕೊಳ್ಳುತ್ತದೆ. ಸಿಪ್ಪೆ ಅಲ್ಲಲ್ಲಿ ಬಿರಿದು ಒಳಗಿನ ನಾರಿನ ಬಲೆ ಕಾಣುತ್ತದೆ. ಆ ಬಲೆಯ ಮೂಲಕ ಸಂಜೆಯ ಬಿಸಿಲು ಹಾದು ಬರುವುದನ್ನು ಅವಳು ಹಿಡಿಯಬೇಕಿತ್ತು.

ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಅವಳು ತೆಗೆದ ಫೋಟೋಗಳನ್ನು ತೋರಿಸಲು ಮಾಟುಂಗಕ್ಕೆ ಹೋದಳು. ಪ್ರದರ್ಶನದ ಹೊಣೆ ಹೊತ್ತಿದ್ದ ಇಂದ್ರಾಬಾಯಿ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಬಾಗಿಲಿಗೆದುರಿನ ಗೋಡೆಯನ್ನೇ ಅವಳಿಗೆ ಬಿಟ್ಟುಕೊಟ್ಟಳು. "ಕೊನೇದು ಬೇಗ ತಂದುಕೊಡು ಮಾರಾಯ್ತಿ, ಜಾಗ ಖಾಲಿ ಇಟ್ಟಿರ್ತೇನೆ" ಎಂದಳು. ವಾರಿಜಾ ವಾಪಸು ಬರುವ ಲೋಕಲಿನಲ್ಲಿ ಉದ್ದಕ್ಕೂ ನಿಂತೇ ಬಂದಳು. ಸೀಟು ಖಾಲಿಯಿದ್ದದ್ದು ಅವಳ ಗಮನಕ್ಕೇ ಬಂದಿರಲಿಲ್ಲ.

ಅತ್ತ ಕಾಂದಿವಲಿಯಲ್ಲಿ ಕಾಂತಪ್ಪ ಪಂಚೆ ಮೇಲಕ್ಕೆ ಕಟ್ಟಿ ಬಾತ್‌ರೂಮಿಗಿಳಿದಿದ್ದ. ಟೈಲ್ಸ್ ತಿಕ್ಕಿ, ನಲ್ಲಿ ಬೆಳಗಿ, ಗೀಸರಿನ ಹೊಟ್ಟೆಗೆ ಅರಸಿನ ಕುಂಕುಮ ಇಟ್ಟ. ಹೊಸ ಬಕೆಟ್ಟಿನ ತುಂಬ ನೀರು ಹಿಡಿದ. ಆಮೇಲೆ ಕತ್ತರಿ ಹಿಡಿದು ಗ್ರಿಲ್ಲಿಗೆ ಬಂದ. ಕಾಯಿಯನ್ನು ಅಲ್ಲಾಡಿಸಿ ನೋಡಿದ. ಬೀಜ ಗಲಗಲ ಎಂದವು. ಬಳ್ಳಿಯನ್ನು ಬುಡದಿಂದ ಕತ್ತರಿಸಿ ಗೀಸರಿನ ಕೊರಳಿಗೂ ಬಕೆಟ್ಟಿನ ಕೊರಳಿಗೂ ಸುತ್ತಿದ. ಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಪ್ಪೆ ಸುಲಿದು, ಬೀಜ ಉದುರಿಸಿ, ಹಿಂಡಿ, ಚೊಕ್ಕವಾದ ನಾರು ಮಾಡಿ ಸೋಪಿನ ಡಬ್ಬಿಯ ಪಕ್ಕದಲ್ಲಿಟ್ಟ. ಬೀಜವನ್ನು ಮಾತ್ರ, ಅಮ್ಮ ಮಾಡುತ್ತಿದ್ದಂತೆ, ಒರೆಸಿ ಏಲಕ್ಕಿಯ ಖಾಲಿ ಡಬ್ಬಿಗೆ ಹಾಕಿಟ್ಟ. ಅವನು ಇಷ್ಟು ಸಂತೋಷದಿಂದ ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು.

ವಾರಿಜಾ ಬಂದವಳು ಚಪ್ಪಲಿ ಬಿಟ್ಟು ನೇರ ಕಿಟಕಿಗೆ ಹೋದಳು. ಟವರುಗಳ ನಡುವಿನ ಬಿಸಿಲು ಆಗಷ್ಟೇ ಗ್ರಿಲ್ಲಿಗೆ ಬಿದ್ದಿತ್ತು. ಅದು ಬಿದ್ದ ಜಾಗದಲ್ಲಿ ಬರೀ ಕಂಬಿಗಳಿದ್ದವು.

"ವಾರಿಜಾ, ಇಲ್ಲಿ ಬಾ, ಇಲ್ಲಿ ಬಾ" ಎಂದು ಕಾಂತಪ್ಪ ಬಾತ್‌ರೂಮಿನಿಂದ ಕರೆದ. "ನೋಡು, ಅಪ್ಪಟ ಊರಿನ ಹಬ್ಬ!"

ಅವಳು ಬಂದು ಬಾಗಿಲಲ್ಲಿ ನಿಂತಳು. ಹಾರ ಹಾಕಿಕೊಂಡ ಗೀಸರನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಸೋಪಿನ ಪಕ್ಕದ ನಾರನ್ನು ನೋಡಿದಳು. ಕಾಂತಪ್ಪ ಮೆಚ್ಚುಗೆಗೆ ಕಾಯುತ್ತ ನಗುಮುಖ ಹಿಡಿದುಕೊಂಡೇ ಇದ್ದ.

"ಎಂತ ಮಾಡಿದ್ರಿ ನೀವು?" ಎಂದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ಕಾಂತಪ್ಪನ ನಗು ಎಲ್ಲಿ ಇಳಿಯಬೇಕೆಂದು ತಿಳಿಯದೆ ಮುಖದ ಮೇಲೆಯೇ ನಿಂತಿತು. ಅವಳು ಬ್ಯಾಗಿನಿಂದ ಮೊಬೈಲು ತೆಗೆದು ಕಪಾಟಿನೊಳಗಿಟ್ಟು ಬಾಗಿಲು ಮುಚ್ಚಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಮರುದಿನ ನಸುಕಿಗೆ ಪದ್ಧತಿಯಂತೆ ಗಂಡನ ನೆತ್ತಿಗೆ ಎಣ್ಣೆ ಇಟ್ಟಳು, ಆರತಿ ಎತ್ತಿದಳು. ಕೈಗಳು ತಮ್ಮ ಕೆಲಸ ಮಾಡಿದವು, ಬಾಯಿ ಮಾತ್ರ ತೆರೆಯಲಿಲ್ಲ. ಅವಳು ಸ್ನಾನ ಮುಗಿಸಿ ಬಂದ ಮೇಲೆ ಕಾಂತಪ್ಪ ಕಳ್ಳನ ಹಾಗೆ ಬಾತ್‌ರೂಮಿಗೆ ಹೋಗಿ ನೋಡಿದ. ನೈಲಾನ್ ಬ್ರಶ್ಶಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೀರೆನಾರು ತನ್ನ ಜಾಗದಲ್ಲಿ ಹಾಗೆಯೇ ಇತ್ತು.

ಪುಣೆಯಿಂದ ನಿಖಿತಾ ಹಬ್ಬದ ಫೋನು ಮಾಡಿದಾಗ ಅವನು ಬಾಗಿಲಾಚೆ ಪ್ಯಾಸೇಜಿಗೆ ಹೋಗಿ ವಿಷಯ ಹೇಳಿದ.

"ಪಪ್ಪಾ, ವೋ... ಅದು ಮಮ್ಮಿದು ಪ್ರಾಜೆಕ್ಟ್ ಇತ್ತು! ಎಕ್ಸಿಬಿಶನ್‌ಗೆ! ನೀವು ಬಾಥ್ ಮಾಡ್ಲಿಕ್ಕೆ ತಗೊಂಡ್ರಾ?"

"ಹೀರೆಕಾಯಿ ಪ್ರಾಜೆಕ್ಟಾ?"

"ಪಪ್ಪಾ, ಮಮ್ಮಿ ನಿಮಗೆ ಸಬ್ ಫೋಟೋ ಕಳಿಸಿದ್ಳು ನಾ. ಒಂದ್ ಬಾರ್ ಭೀ ನೋಡಿಲ್ಲ?"

ಕಾಂತಪ್ಪ ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕೂತ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಹೆಂಡತಿಯ ಹೆಸರನ್ನು ಒತ್ತಿದ. ಮಸುಕು ಚೌಕಗಳು ಒಂದರ ಕೆಳಗೊಂದು ಕಾಯುತ್ತಿದ್ದವು. ಮೊದಲನೆಯದನ್ನು ಒತ್ತಿದ. ಬ್ರಹ್ಮಕಮಲ ತೆರೆದುಕೊಂಡಿತು. ಕೊಳೆಯುತ್ತಿದೆ ಎಂದಿದ್ದನಲ್ಲ, ಅದೇ. ಅಷ್ಟು ದಣಿದ, ಅಷ್ಟು ನೆಮ್ಮದಿಯ ಹೂವನ್ನು ಅವನು ನೋಡಿಯೇ ಇರಲಿಲ್ಲ. ಮುಂದಿನದು, ಅದರ ಮುಂದಿನದು. ತಾನು ಕಿತ್ತೆಸೆಯುತ್ತಿದ್ದ ಎಲೆಗಳೇ, ಆದರೆ ಒಂದೊಂದಕ್ಕೂ ಒಂದೊಂದು ಮುಖವಿತ್ತು. ಆಮೇಲೆ ಹೀರೆ ಬಂತು. ಹಳದಿ ಹೂ. ಕಿರುಬೆರಳಿನಷ್ಟು ಕಾಯಿ. ಮಳೆಹನಿ ಹೊತ್ತ ಏಣುಗಳು. ಹಸಿರು ಇಳಿಯುತ್ತ ಹೋದ ಮೈ. ಒಂದು ಫೋಟೋದಲ್ಲಿ ಕಾಯಿಯ ಹಿಂದೆ ಅವನ ಬನಿಯನ್ ಒಣಗುತ್ತಿತ್ತು. ಅದು ಕೂಡ ಏನೋ ಚಂದವಾಗಿಯೇ ಬಂದಿತ್ತು. ಕಡೆಯ ಫೋಟೋ ಮೊನ್ನೆಯದು. ಮುಚ್ಚಳ ಕಳಚಲು ಕೂದಲೆಳೆ ಬಾಕಿ. ಅದರ ಕೆಳಗೆ ಅವಳು ಬರೆದಿದ್ದಳು: "ನಾಳೆ ನಾಡಿದ್ದು ಬಾಯಿ ಬಿಡ್ತದೆ. ಒಟ್ಟಿಗೆ ನೋಡುವ."

ಕಾಂತಪ್ಪ ಮತ್ತೆ ಮೊದಲ ಫೋಟೋಗೆ ಹೋದ. ಮೆಟ್ಟಿಲು ಗುಡಿಸಲು ಬಂದವಳು ಎರಡು ಸಲ "ಸೇಟ್, ಪಾಯ್ ವರ್ ಘ್ಯಾ" ಎಂದ ಮೇಲೆ ಕಾಲೆತ್ತಿದ.

"ನನಗೆ ಗೊತ್ತಾಗ್ಲಿಲ್ಲ ಮಾರಾಯ್ತಿ" ಎಂದ ಒಳಗೆ ಬಂದು. "ಬೆನ್ನು ತಿಕ್ಲಿಕ್ಕೆ ಇಟ್ಟದ್ದು ಅಂತ..."

"ಗೊತ್ತಾಗ್ಲಿಕ್ಕೆ ನೋಡ್ಬೇಕಲ್ಲ" ಎಂದಳು ವಾರಿಜಾ. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಅಷ್ಟು ನಾಟುತ್ತಿರಲಿಲ್ಲ.

ಅವಳು ಪ್ರದರ್ಶನಕ್ಕೆ ಏನನ್ನೂ ಕೊಡಲಿಲ್ಲ. ಇಂದ್ರಾಬಾಯಿ ಫೋನಿನಲ್ಲಿ ಎಷ್ಟು ಹೇಳಿದರೂ "ಕೊನೆ ಇಲ್ಲದ್ದನ್ನು ಗೋಡೆಗೆ ಹಾಕಿ ಎಂತ ಮಾಡುದು" ಎಂದುಬಿಟ್ಟಳು. ಮಾತುಕತೆ ಮೆಲ್ಲನೆ ಸರಿಹೋಯಿತು. ತರಕಾರಿ, ನೀರಿನ ಟೈಮು, ನಿಖಿತಾಳ ಸುದ್ದಿ, ಎಲ್ಲ ಮೊದಲಿನ ಹಾಗೆ. ಮೊಬೈಲು ಮಾತ್ರ ಕಪಾಟಿನಿಂದ ಹೊರಬರುತ್ತಿದ್ದುದು ಫೋನು ಬಂದಾಗಷ್ಟೇ. ಒಂದು ದಿನ ಕಾಂತಪ್ಪ ನೋಡುತ್ತಿದ್ದಂತೆ ಅವಳು ಸುರುಳಿ ಸುತ್ತಿದ ದಾಸವಾಳವನ್ನು ಕಿತ್ತು ಕಸದ ಡಬ್ಬಿಗೆ ಹಾಕಿದಳು. ಹಳದಿ ಎಲೆಗಳನ್ನು ತಾನೇ ಹೆಕ್ಕಿದಳು. ಗ್ರಿಲ್ಲು ಹೋಟೆಲಿನ ಕೊತ್ತಂಬರಿ ಕಟ್ಟಿನಷ್ಟು ಚೊಕ್ಕವಾಯಿತು. ತಾನು ಇಷ್ಟು ವರ್ಷ ಬಯಸಿದ ಚೊಕ್ಕತನ ಕಣ್ಣೆದುರಿಗಿತ್ತು, ಕಾಂತಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳು ಮತ್ತೆ ಆ ಫೋನು ಹಿಡಿದು ಗ್ರಿಲ್ಲಿನೊಳಗೆ ತಲೆ ತೂರಿಸಬೇಕು. ಅವನಿಗೆ ಬೇರೇನೂ ಬೇಡವಾಗಿತ್ತು.

ಮುಂದಿನ ಮಳೆ ಹಿಡಿಯುತ್ತಲೇ ಏಲಕ್ಕಿ ಡಬ್ಬಿ ತೆಗೆದ. ಮಣ್ಣಿಗಾಗಿ ಸೊಸೈಟಿಯ ಮಾಲಿ ಗುರಲಿಂಗಪ್ಪನ ಬಳಿ ಹೋದ. ವಿಜಯಪುರ ಕಡೆಯ ಗುರಲಿಂಗಪ್ಪ ಬುಟ್ಟಿಯಲ್ಲಿ ಮಣ್ಣು ತುಂಬಿಕೊಡುತ್ತ, "ಹೀರಿಕಾಯಿ ಮಾರ್ಕೆಟ್ಟಿನ್ಯಾಗ ಬೇಕಾದಷ್ಟ ಸಿಗತಾವಲ್ರೀ ಅಣ್ಣಾರ?" ಎಂದ.

"ತಿನ್ಲಿಕ್ಕಲ್ಲ. ಒಣಗಿಸ್ಲಿಕ್ಕೆ."

"ಒಣಗಸಾಕ?" ಗುರಲಿಂಗಪ್ಪ ಬುಟ್ಟಿ ಕೆಳಗಿಟ್ಟು ಅವನ ಮುಖ ನೋಡಿದ. "ನಾವು ಬೆಳೀ ಒಣಗಬಾರದು ಅಂತ ದೇವರಿಗೆ ಹರಕಿ ಹೊರ್ತೀವ್ರೀ. ನೀವು ಒಣಗಲಿ ಅಂತ ಬಿತ್ತತೀರಿ."

ಬೀಜ ಮೊಳೆತವು. ಬಳ್ಳಿ ಕಂಬಿ ಹಿಡಿಯಿತು. ವಾರಿಜಾ ನೋಡಿಯೂ ನೋಡದಂತಿದ್ದಳು. ಮೊದಲ ಹೂವಿನ ದಿನ ಕಾಂತಪ್ಪ ತನ್ನ ಫೋನು ಹಿಡಿದು ಸೋಫಾದ ಮೇಲೆ ಮೊಣಕಾಲೂರಿದ. ಮಂಡಿ ಚಟಕ್ಕೆಂದಿತು. ಒಂದು ಫೋಟೋ ತೆಗೆದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕಳಿಸಿದ. ಫೋಟೋದ ಅರ್ಧದಲ್ಲಿ ಹೂ, ಇನ್ನರ್ಧದಲ್ಲಿ ಅವನದೇ ಹೆಬ್ಬೆಟ್ಟು. ದೋಸೆಕಲ್ಲಿಗೆ ತಾಗಿ ಸುಟ್ಟ ಹಳೆಯ ಕಲೆ ಹೂವಿಗಿಂತ ಸ್ಪಷ್ಟವಾಗಿ ಬಂದಿತ್ತು.

ದಿನಾ ಒಂದು ಕಳಿಸತೊಡಗಿದ. ಉತ್ತರ ಬರುತ್ತಿರಲಿಲ್ಲ. ಆದರೆ ಸಂದೇಶದ ಕೆಳಗಿನ ಗೀಟುಗಳು ನೀಲಿಯಾಗುತ್ತಿದ್ದವು. ಅಂದರೆ ಅವಳು ಕಪಾಟಿನಿಂದ ಫೋನು ತೆಗೆದು ನೋಡುತ್ತಿದ್ದಳು. ತಾನು ವರ್ಷಗಟ್ಟಲೆ ಮಾಡದಿದ್ದುದನ್ನು ಅವಳು ಒಂದು ದಿನವೂ ತಪ್ಪಿಸುತ್ತಿಲ್ಲ ಎಂದು ಹೊಳೆದಾಗ ಕಾಂತಪ್ಪನಿಗೆ ನಾಚಿಕೆಯಾಯಿತು. ಕೊನೆಗೊಂದು ದಿನ, ಅವನು ಕುರ್ಚಿಯಲ್ಲಿ ತೂಕಡಿಸುತ್ತಿರುವಾಗ, ಫೋನು ಟಿಣ್ ಎಂದಿತು.

"ಹೆಬ್ಬೆಟ್ಟು ತೆಗೀರಿ."

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ಮತ್ತೆ ಶುರುವಾಯಿತು. ಕಾಂತಪ್ಪ ಆ ಎರಡು ಪದಗಳನ್ನು ಓದಿ, ಕನ್ನಡಕ ಒರೆಸಿ, ಮತ್ತೆ ಓದಿದ. ಅವತ್ತು ಊಟಕ್ಕೆ ಎರಡು ಸೌಟು ಅನ್ನ ಜಾಸ್ತಿಯೇ ಹಾಕಿಸಿಕೊಂಡ.

ಅಲ್ಲಿಂದ ಸಂದೇಶಗಳು ಬರತೊಡಗಿದವು. "ಹತ್ತಿರ ಹೋಗಿ." "ಬಿಸಿಲಿಗೆ ಬೆನ್ನು ಹಾಕ್ಬೇಡಿ." "ಇದು ಅಲ್ಲಾಡಿದೆ." ಅವಳು ಹೇಳಿದ ಹಾಗೆ ಅವನು ಕೇಳಿದ. ಹೆಬ್ಬೆಟ್ಟು ಮಾತ್ರ ಎಷ್ಟು ಹೇಳಿದರೂ ಕೇಳಲಿಲ್ಲ. ಎಲ್ಲೋ ಒಂದು ಮೂಲೆಯಿಂದ ಇಣುಕಿಯೇ ಇಣುಕುತ್ತಿತ್ತು. ಅವಳು ಇಷ್ಟೆಲ್ಲ ಹೇಳಿಕೊಡುತ್ತಿದ್ದಳೇ ಹೊರತು ಒಮ್ಮೆಯೂ ತಾನಾಗಿ ಕಿಟಕಿಗೆ ಬಂದು ಫೋಟೋ ತೆಗೆಯಲಿಲ್ಲ. "ನನಗೆ ಇನ್ನು ಆ ಹುಚ್ಚು ಬೇಡ ಮಾರಾಯ್ರೆ" ಎನ್ನುತ್ತಿದ್ದಳು.

ಹುಚ್ಚು ಈಗ ಗಂಡನಿಗೆ ಅಂಟಿತ್ತು. ಮಲಾಡಿನ ಹೋಟೆಲಿಗೆ ಚಹಾ ಕುಡಿಯಲು ಹೋದವನು ಅಡುಗೆಮನೆಯಲ್ಲಿ ಒಂದು ಹಳದಿ ಕೊತ್ತಂಬರಿ ಎಲೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬೈಗುಳ ಬೀಳುತ್ತದೆಂದು ಹೆದರಿದ ಪ್ರಶಾಂತ ಓಡಿ ಬಂದ.

"ಮಾವ, ಅದೊಂದು ಉಳಿದುಹೋಯ್ತು. ಈಗ್ಲೇ ಬಿಸಾಡಿಸ್ತೇನೆ."

"ಬೇಡ" ಎಂದು ಕಾಂತಪ್ಪ ಎಲೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. "ಇದರ ನರ ನೋಡು, ಎಷ್ಟು ಸಪೂರ ಉಂಟು." ಮಾವನಿಗೆ ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದೋ ಎಂದು ಪ್ರಶಾಂತ ಆ ಸಂಜೆ ಅತ್ತೆಗೆ ಫೋನು ಮಾಡಿದ. ವಾರಿಜಾ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಈ ಸಲವೂ ಒಂದೇ ಕಾಯಿ ಉಳಿಸಿದ್ದು. ಕಾಂತಪ್ಪ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಕಾಗೆ ಬಂದರೆ ಪೇಪರು ಬೀಸಿದ. ಪಕ್ಕದ ಮನೆಯ ರುಕ್ಮಿಣಿಬಾಯಿ ತನ್ನ ಗ್ರಿಲ್ಲಿನಿಂದ, "ಭಾವೂ, ಸುಕ್ಲಂಯ್ ತೆ, ಕಾಪೂನ್ ಟಾಕಾ ನಾ" ಎಂದು ಒಣಗಿದ ಕಾಯಿಯನ್ನು ಕತ್ತರಿಸಿ ಹಾಕಲು ಕತ್ತರಿ ಚಾಚಿದಾಗ ಎರಡೂ ಕೈ ಅಡ್ಡ ಹಿಡಿದು, "ನಕೋ ನಕೋ, ಹಾತ್ ನಕಾ ಲಾವೂ!" ಎಂದು ಬಿಲ್ಡಿಂಗಿಗೆ ಕೇಳುವಂತೆ ಕೂಗಿದ. ಬಾಡಿದ್ದನ್ನು ಒಂದು ದಿನವೂ ಸಹಿಸದಿದ್ದ ಮನುಷ್ಯ ಒಂದು ಕಾಯಿ ಒಣಗಲೆಂದು ಇಡೀ ಮಳೆಗಾಲ ಕಾದಿದ್ದ.

ಮತ್ತೆ ನೀರು ತುಂಬುವ ಹಬ್ಬ ಬಂತು. ಈ ಸಲ ಬಾತ್‌ರೂಮು ತೊಳೆಯಲು ವಾರಿಜಾಳೇ ಇಳಿದಿದ್ದಳು. ಗೀಸರಿಗೆ ಸುತ್ತಲು ಗುರಲಿಂಗಪ್ಪ ಕಾಂಪೌಂಡಿನ ಯಾವುದೋ ಬಳ್ಳಿ ಕೊಟ್ಟಿದ್ದ. ಬೆನ್ನು ತಿಕ್ಕಲು ಕಾಂತಪ್ಪ ಮಲಾಡಿನ ಮಾರ್ಕೆಟ್ಟಿನಿಂದ ಹೊಸ ನೈಲಾನ್ ಬ್ರಶ್ ತಂದು, ಎಲ್ಲರಿಗೂ ಕಾಣುವ ಹಾಗೆ ಸೋಪಿನ ಪಕ್ಕದಲ್ಲಿಟ್ಟಿದ್ದ. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಹೀರೆಯ ತುದಿಯ ಮುಚ್ಚಳ ಕಳಚಿ ಪಾಟಿನ ಮಣ್ಣಿನ ಮೇಲೆ ಬಿದ್ದಿತ್ತು. ಎರಡು ಕರಿ ಬೀಜ ಅದರ ಪಕ್ಕದಲ್ಲಿದ್ದವು. ಸಿಪ್ಪೆ ಉದ್ದಕ್ಕೆ ಬಿರಿದಿತ್ತು.

ಅವನು ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತ. ಬಿಸಿಲು ಎಡಗಡೆಯ ಟವರಿನ ಅಂಚಿಗೆ ಬಂತು, ಅದನ್ನು ದಾಟಿತು, ಗ್ರಿಲ್ಲಿನ ಮೊದಲ ಕಂಬಿಗೆ ಬಿತ್ತು. ಆಮೇಲೆ ಹೀರೆಯ ಮೇಲೆ. ಒಳಗಿನ ಬಲೆಯ ಒಂದೊಂದು ಎಳೆಯೂ ಹೊತ್ತಿಕೊಂಡಿತು. ತಾನು ಹೋದ ವರ್ಷ ನೆನೆಸಿ ಹಿಂಡಿದ್ದು ಇದನ್ನೇ.

"ವಾರಿಜಾ! ಬೆಳಕು ಬಂತು!"

"ನೀವೇ ತೆಗೀರಿ" ಎಂದು ಒಳಗಿನಿಂದ ಅವಳ ಸ್ವರ, ಜೊತೆಗೆ ಪೊರಕೆಯ ಸದ್ದು. "ಈಗ ಬರ್ತದಲ್ಲ ನಿಮಗೆ."

"ನನ್ನಿಂದ ಆಗುದಿಲ್ಲ."

"ಯಾಕೆ?"

"ಇದು ನಿನ್ನದು" ಎಂದ ಕಾಂತಪ್ಪ. "ನನ್ನದು ಬರೀ ಕಾಯುವ ಕೆಲಸ. ಬೇಗ ಬಾ ಮಾರಾಯ್ತಿ, ಈಗ ಹೋಗ್ತದೆ. ಒಟ್ಟಿಗೆ ನೋಡುವ ಅಂತ ನೀನೇ ಬರ್ದದ್ದಲ್ವಾ?"

ಪೊರಕೆಯ ಸದ್ದು ನಿಂತಿತು. ವಾರಿಜಾ ಒದ್ದೆ ಕಾಲಿನಲ್ಲೇ ಬಂದು ಬಾಗಿಲಲ್ಲಿ ನಿಂತಳು. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿದ್ದಳು, ಹಣೆಗೆ ಸೋಪಿನ ನೊರೆ ಹತ್ತಿತ್ತು. ಗ್ರಿಲ್ಲಿನ ಕಡೆ ನೋಡಿದಳು. ಆಮೇಲೆ ಕೈಗಳನ್ನು ಸೆರಗಿಗೆ ಒರೆಸುತ್ತ ಒಳಗೆ ಹೋದಳು. ಕಪಾಟಿನ ಬಾಗಿಲು ಕಿರ್ರೆಂದಿತು.

ಅವಳು ಬಂದು ಸೋಫಾದ ಮೇಲೆ ಮೊಣಕಾಲೂರಿ ಗ್ರಿಲ್ಲಿನೊಳಗೆ ತಲೆ ತೂರಿಸಿದಳು. ಕಾಂತಪ್ಪ ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದ. ಅಷ್ಟರಲ್ಲಿ ಗಾಳಿ ಬೀಸಿತು. ಒಣಗಿ ಹಗುರಾದ ಕಾಯಿ ಅತ್ತಿತ್ತ ತೂಗತೊಡಗಿತು. ಬಿಸಿಲು ಆಗಲೇ ಅದರ ಅರ್ಧ ಮೈ ಇಳಿದಿತ್ತು.

"ಹಿಡ್ಕೊಳ್ಳಿ ಅದನ್ನು, ಅಲ್ಲಾಡ್ತಾ ಉಂಟು!"

ಕಾಂತಪ್ಪ ಅವಳ ಭುಜದ ಪಕ್ಕದಿಂದ ಕೈ ಚಾಚಿ, ಕಂಬಿಗಳ ನಡುವೆ ತೂರಿಸಿ, ಕಾಯಿಯ ತೊಟ್ಟನ್ನು ಎರಡೇ ಬೆರಳಿನಿಂದ ಮೆಲ್ಲಗೆ ಹಿಡಿದ. ಕಾಯಿ ನಿಂತಿತು. ಅವಳು ಉಸಿರು ಬಿಗಿಹಿಡಿದು ಫೋನನ್ನು ಹತ್ತಿರ ತಂದಳು. ಪರದೆಯಲ್ಲಿ ಬಲೆಯೂ ಬೆಳಕೂ ಕಂಡವು, ಮೇಲಿನ ಮೂಲೆಯಲ್ಲಿ ಸುಟ್ಟ ಕಲೆಯ ಹೆಬ್ಬೆಟ್ಟೂ ಕಂಡಿತು.

"ಹೆಬ್ಬೆಟ್ಟು ಬರ್ತದೆ ಮಾರಾಯ್ತಿ" ಎಂದ ಕಾಂತಪ್ಪ.

"ಬರ್ಲಿ" ಎಂದಳು ವಾರಿಜಾ. "ತೆಗೀಬೇಡಿ."